ಪಿಟೀಲಿನ ಎಳೆ ಹಿಡಿದು: ಮಹಾವಿಷ್ಣು ಆರ್ಕೆಸ್ಟ್ರಾದ ಲೈವ್ ಆಲ್ಬಂ ಮತ್ತೊಮ್ಮೆ ಕೇಳುವುದು ಹೇಗೆ

ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಎಡಗಡೆ ಗೋಡೆಗೆ ಎರಡು ಕೌದಿ ತೂಗುಹಾಕಿದ್ದೇನೆ. ಅವ್ವ ಹಳೆಯ ಇಳಕಲ್ ಸೀರೆಗಳ ತುಂಡು ಜೋಡಿಸಿ ಹೊಲಿದ ಕೌದಿಗಳು. ಹೊದೆಯುವ ಕೌದಿ ಗೋಡೆಗೇಕೆ ಎಂದು ಯಾರಾದರೂ ಕೇಳಿದರೆ ಅವರನ್ನು ಕೂರಿಸಿ ಒಂದು ಆಲ್ಬಂ ಹಚ್ಚುತ್ತೇನೆ. 1973ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ನಡೆದ ಕಛೇರಿಯ ಧ್ವನಿಮುದ್ರಣ ಅದು. ಹೆಸರು 'ಬಿಟ್ವೀನ್ ನಥಿಂಗ್‌ನೆಸ್ ಅಂಡ್ ಎಟರ್ನಿಟಿ', ನುಡಿಸಿದವರು ಮಹಾವಿಷ್ಣು ಆರ್ಕೆಸ್ಟ್ರಾ.

ಹೆಸರು ಕೇಳಿ ಭಕ್ತಿಗೀತೆಯ ತಂಡವೆಂದುಕೊಳ್ಳಬೇಡಿ. ಇದು ಜಾಝ್-ರಾಕ್, ಅಂದರೆ ಜಾಝ್ ಮತ್ತು ರಾಕ್ ಎರಡನ್ನೂ ಬೆಸೆದ ಸಂಗೀತ. ಗಿಟಾರ್ ನುಡಿಸಿದ ಜಾನ್ ಮೆಕ್‌ಲಾಫ್ಲಿನ್ ಇಂಗ್ಲೆಂಡಿನವರು. ಅವರಿಗೆ ಮಹಾವಿಷ್ಣು ಎಂಬ ಹೆಸರು ಕೊಟ್ಟವರು ಅವರ ಗುರು ಶ್ರೀ ಚಿನ್ಮಯ್. ಕೀಬೋರ್ಡಿಗೆ ಪ್ರಾಗ್‌ನ ಯಾನ್ ಹ್ಯಾಮರ್, ಬೇಸ್ ಗಿಟಾರಿಗೆ ಐರ್ಲೆಂಡಿನ ರಿಕ್ ಲೇರ್ಡ್, ಡ್ರಮ್ಸಿಗೆ ಪನಾಮಾದಲ್ಲಿ ಹುಟ್ಟಿದ ಬಿಲ್ಲಿ ಕಾಬಮ್. ಪಿಟೀಲಿಗೆ ಶಿಕಾಗೋದ ಜೆರ್ರಿ ಗುಡ್‌ಮನ್. ನಾನು ಇಲ್ಲಿ ಹೇಳಹೊರಟಿರುವುದು ಹೆಚ್ಚಾಗಿ ಈ ಕೊನೆಯವರನ್ನು ಹಿಂಬಾಲಿಸುವ ದಾರಿಯನ್ನು.

ಮೊದಲ ಸಲ ನಾನಿದನ್ನು ಕೇಳಿದ್ದು ಕಾಲೇಜಿನ ದಿನಗಳಲ್ಲಿ. ಗೆಳೆಯನೊಬ್ಬ ಹೈದರಾಬಾದಿನಿಂದ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದಿದ್ದ. 42 ನಿಮಿಷದ ಆಲ್ಬಂ 90ರ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಸರಿಯಾಗಿ ಕೂತಿತ್ತು. ಆಗ ಕೇಳಿಸಿದ್ದು ಬರೀ ಗದ್ದಲ. ಎಲ್ಲರೂ ಒಟ್ಟಿಗೆ ಓಡುತ್ತಿದ್ದಾರೆ, ಎಲ್ಲಿಗೆಂದು ತಿಳಿಯುತ್ತಿಲ್ಲ. ಅದನ್ನು ಎತ್ತಿಟ್ಟು ಎಷ್ಟೋ ವರ್ಷ ಮುಟ್ಟಲಿಲ್ಲ. ಮರುಬಿಡುಗಡೆಯ ಸಿಡಿ ಕೈಗೆ ಬಂದಮೇಲೆ ಗೊತ್ತಾಗಿದ್ದು, ತೊಡಕಿದ್ದದ್ದು ಸಂಗೀತದಲ್ಲಲ್ಲ. ನನ್ನ ಕೋಣೆ, ನನ್ನ ವೈರು, ನಾನು ಕೇಳುತ್ತಿದ್ದ ಕ್ರಮ ಮೂರೂ ತಪ್ಪಿದ್ದವು. ಭಜನೆ, ಆರಾಧನೆ, ತತ್ವಪದ ಎಂದು ಬೆಳಗಿನ ಜಾವದವರೆಗೆ ಕೂತು ಅಭ್ಯಾಸವಾದ ನಮ್ಮ ಕಡೆಯವರಿಗೆ ಈ ಆಲ್ಬಂಗೆ ಬೇಕಾದ ಕಿವಿ ಮೊದಲೇ ಇದೆ. ಮೂರು ತಪ್ಪನ್ನು ತಿದ್ದಿಕೊಂಡರೆ ಉಳಿದದ್ದನ್ನು ಆ ಕಿವಿಯೇ ಮಾಡುತ್ತದೆ.

ಯಾವ ಪ್ರತಿ?

ಇದು 1973ರ ನವೆಂಬರಿನಲ್ಲಿ ಕೊಲಂಬಿಯಾ ಕಂಪನಿಯಿಂದ ಒಂದು ಗ್ರಾಮಫೋನ್ ತಟ್ಟೆ, ಅಂದರೆ ಎಲ್‌ಪಿಯಾಗಿ ಬಂತು. ಅದರಲ್ಲಿ ಮೂರೇ ರಚನೆ. ಮೊದಲ ಮಗ್ಗುಲಿಗೆ ಸುಮಾರು 12 ನಿಮಿಷದ 'ಟ್ರಿಲಜಿ' ಮತ್ತು 8 ನಿಮಿಷದ 'ಸಿಸ್ಟರ್ ಆಂಡ್ರಿಯಾ'. ಎರಡನೆಯ ಮಗ್ಗುಲು ಪೂರ್ತಿ 'ಡ್ರೀಮ್', 21 ನಿಮಿಷ. ಎಲ್‌ಪಿಯ ಒಂದು ಮಗ್ಗುಲಿನಲ್ಲಿ ಹಿಡಿಸುವುದೇ ಇಪ್ಪತ್ತು ಚಿಲ್ಲರೆ ನಿಮಿಷ. ಹಾಗಾಗಿ ಅಂದು ನುಡಿಸಿದ ಎಷ್ಟೋ ರಚನೆಗಳು ಹೊರಗುಳಿದವು.

ಹೊರಗುಳಿದದ್ದು ಬೆಳಕು ಕಂಡದ್ದು 2011ರಲ್ಲಿ. ಮೂಲ ತಂಡದ ಕೊಲಂಬಿಯಾ ಆಲ್ಬಂಗಳನ್ನೆಲ್ಲ ಸೇರಿಸಿ 'ದ ಕಂಪ್ಲೀಟ್ ಕೊಲಂಬಿಯಾ ಆಲ್ಬಮ್ಸ್ ಕಲೆಕ್ಷನ್' ಎಂಬ ಪೆಟ್ಟಿಗೆ ತಂದರು. ಅದರಲ್ಲಿ ಈ ಆಲ್ಬಂ ಒಂದು ಡಿಸ್ಕ್. ಅದೇ ಸೆಂಟ್ರಲ್ ಪಾರ್ಕಿನ ಕಛೇರಿಗಳಲ್ಲಿ ಮುದ್ರಿಸಿ ಬಿಡುಗಡೆಯಾಗದೆ ಉಳಿದಿದ್ದ ರಚನೆಗಳು ಇನ್ನೊಂದು ಡಿಸ್ಕ್. 'ಯೂ ನೋ, ಯೂ ನೋ', 'ಒನ್ ವರ್ಡ್', 'ವೈಟಲ್ ಟ್ರಾನ್ಸ್‌ಫರ್ಮೇಶನ್', 'ದ ಡ್ಯಾನ್ಸ್ ಆಫ್ ಮಾಯಾ' ಆ ಎರಡನೆಯದರಲ್ಲಿವೆ. ನೀವು ಕೊಳ್ಳುವುದಾದರೆ ಅಥವಾ ಆ್ಯಪಿನಲ್ಲಿ ಹುಡುಕುವುದಾದರೆ ಮೊದಲು ನೋಡಬೇಕಾದದ್ದು ಇದನ್ನೇ. ಮೂರೇ ಹೆಸರು ಕಂಡರೆ ಅದು ಮೂಲ ಎಲ್‌ಪಿಯ ಪ್ರತಿ, ಶುರುಮಾಡಲು ಅದು ಸಾಕು. ಎರಡನೆಯ ಡಿಸ್ಕ್ ಬೇಕಾಗುವುದು ಎಣಿಕೆಯ ಹೊತ್ತಿಗೆ, ಅದನ್ನು ಮುಂದೆ ಹೇಳುತ್ತೇನೆ.

ಮರುಬಿಡುಗಡೆಯ ಎರಡು ಪ್ರತಿಗಳನ್ನು ಹೋಲಿಸಿ ನೋಡುವವರಿಗೆ ಒಂದು ಎಚ್ಚರಿಕೆ. ನಮ್ಮ ಕಿವಿಗೆ ತುಸು ಜೋರಾಗಿ ಕೇಳಿಸುವುದೇ ಚೆನ್ನಾಗಿದೆ ಎನ್ನಿಸುತ್ತದೆ. ಹೊಸದಾಗಿ ಮಾಸ್ಟರ್ ಮಾಡಿದ, ಅಂದರೆ ಬಿಡುಗಡೆಗೆ ಮುನ್ನ ಧ್ವನಿಯನ್ನು ಮತ್ತೆ ಹದಮಾಡಿದ ಪ್ರತಿ ಹಳೆಯದಕ್ಕಿಂತ ಜೋರಾಗಿರುವುದು ಮಾಮೂಲು. ಎರಡರ ವಾಲ್ಯೂಮನ್ನೂ ಒಂದೇ ಮಟ್ಟಕ್ಕೆ ತಂದುಕೊಂಡು, ಅದೇ ಒಂದು ನಿಮಿಷದ ತುಣುಕನ್ನು ಎರಡರಲ್ಲೂ ಕೇಳಿ ತೀರ್ಮಾನಿಸಿ. ಫೋನಿನಲ್ಲಿ ಈಕ್ವಲೈಸರ್, ಬೇಸ್ ಬೂಸ್ಟ್ ಆನ್ ಆಗಿದ್ದರೆ ಆರಿಸಿಬಿಡಿ.

ಕೋಣೆ ಮತ್ತು ವೈರು

ನಮ್ಮ ಕಡೆಯ ಮನೆಗಳಿಗೆ ಕೆಳಗೆ ಶಹಾಬಾದಿ ಕಲ್ಲಿನ ಫರಸಿ, ಮೇಲೆ ಆರ್‌ಸಿಸಿ ಛತ್ತು, ಸುತ್ತ ನುಣ್ಣಗಿನ ಗಾರೆಯ ಗೋಡೆ. ಬಿಸಿಲಿಗೆ ಫರಸಿ ತಂಪು, ಸಂಗೀತಕ್ಕೆ ಕಷ್ಟ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ಚಪ್ಪಾಳೆಯ ಹಿಂದೆ 'ಝಿಂಯ್' ಎಂದು ಬಾಲ ಎಳೆದಂತೆ ಕೇಳಿಸಿದರೆ, ಕಾಬಮ್ ಸೆಕೆಂಡಿಗೆ ಹತ್ತು ಹನ್ನೆರಡು ಪೆಟ್ಟು ಹಾಕುವಾಗ ಒಂದೊಂದು ಪೆಟ್ಟಿಗೂ ಅದೇ ಬಾಲ ಅಂಟಿಕೊಳ್ಳುತ್ತದೆ. ಪೆಟ್ಟಿನ ಮೇಲೆ ಪೆಟ್ಟು ಕೂತು ಎಲ್ಲ ರಾಡಿಯಾಗುತ್ತದೆ. ನಾನು ಕಾಲೇಜಿನಲ್ಲಿ ಕೇಳಿದ ಗದ್ದಲದಲ್ಲಿ ಅರ್ಧಪಾಲು ಹಾಸ್ಟೆಲಿನ ಗೋಡೆಗಳದು.

ಇದಕ್ಕೆ ಖರ್ಚು ಬೇಕಿಲ್ಲ. ಸ್ಪೀಕರಿನ ಪಕ್ಕದ ಗೋಡೆಗೆ, ಸ್ಪೀಕರಿಗೂ ನೀವು ಕೂರುವ ಜಾಗಕ್ಕೂ ನಡುವೆ ಬರುವಂತೆ, ಒಂದೊಂದು ಕೌದಿ ತೂಗುಹಾಕಿ. ಗೋಡೆಗೆ ಒತ್ತಿ ಹೊಡೆಯದೆ ನಾಲ್ಕು ಬೆರಳು ಬಿಟ್ಟು ಹಗ್ಗಕ್ಕೆ ಇಳಿಬಿಟ್ಟರೆ ಇನ್ನೂ ಒಳ್ಳೆಯದು. ನೆಲಕ್ಕೆ ಹತ್ತಿಯ ಗಾದಿ. ಹತ್ತಿಯ ಊರಿನಲ್ಲಿದ್ದೇವೆ, ಒಳ್ಳೆಯ ಗಾದಿಗೆ ನಮಗೆ ಬರವಿಲ್ಲ. ಮತ್ತೆ ಚಪ್ಪಾಳೆ ತಟ್ಟಿ. ಬಾಲ ಕತ್ತರಿಸಿ ಹೋಗಿರುತ್ತದೆ. ಸ್ಪೀಕರುಗಳನ್ನು ಮೂಲೆಯಿಂದ ಹೊರಗೆಳೆದು ಗೋಡೆಗೆ ಒಂದೂವರೆ ಅಡಿ ದೂರವಿಡಿ. ಎರಡರ ನಡುವೆ ಆರು ಅಡಿ ಇದ್ದರೆ ನೀವೂ ಎರಡರಿಂದಲೂ ಆರೇ ಅಡಿ ದೂರ ಕೂರಿ.

ಇನ್ನು ವೈರಿನ ಮಾತು. ಮರುಬಿಡುಗಡೆಯ ಸಿಡಿ ಬಂದ ಹೊಸತರಲ್ಲಿ ಎರಡು ತಿಂಗಳು ನಾನು ಇದನ್ನು ರಿಕ್ ಲೇರ್ಡ್ ಇಲ್ಲದೆ ಕೇಳಿದೆ. ಬೇಸ್ ಎಲ್ಲೋ ಪಕ್ಕದ ಮನೆಯಲ್ಲಿ ನುಡಿಯುತ್ತಿದ್ದ ಹಾಗಿತ್ತು. ಮುದ್ರಣವೇ ಹೀಗೆ ಎಂದು ನಂಬಿಕೊಂಡಿದ್ದೆ. ಕೊನೆಗೊಂದು ದಿನ ಧೂಳು ಹೊಡೆಯಲು ಸ್ಪೀಕರ್ ತಿರುಗಿಸಿದಾಗ ಕಂಡಿತು: ಬಲಗಡೆಯ ಸ್ಪೀಕರಿನಲ್ಲಿ ಕೆಂಪು ತಂತಿ ಕಪ್ಪು ತೂತಿನಲ್ಲಿತ್ತು, ಕಪ್ಪು ತಂತಿ ಕೆಂಪಿನಲ್ಲಿ. ನಾನೇ ಅವಸರದಲ್ಲಿ ಸಿಕ್ಕಿಸಿದ್ದು. ಹೀಗಾದಾಗ ಒಂದು ಸ್ಪೀಕರಿನೊಳಗೆ ಅಲುಗುವ ಕಾಗದ ಮುಂದಕ್ಕೆ ತಳ್ಳುವ ಹೊತ್ತಿಗೆ ಇನ್ನೊಂದರದು ಹಿಂದಕ್ಕೆ ಎಳೆಯುತ್ತದೆ. ಗಾಳಿಯಲ್ಲಿ ಎರಡೂ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ, ಅದರಲ್ಲೂ ತಗ್ಗಿನ ಸ್ವರಗಳನ್ನು. ತಂತಿ ಅದಲುಬದಲು ಮಾಡಿದ ಕ್ಷಣ ಲೇರ್ಡ್ ಕೋಣೆಯೊಳಕ್ಕೆ ಬಂದು ನಿಂತರು.

ನಿಮ್ಮಲ್ಲೂ ಹೀಗಾಗಿದೆಯೇ ಎಂದು ತಿಳಿಯಲು ಒಬ್ಬರೇ ಮಾತಾಡುವ ವಾರ್ತೆಯನ್ನೋ ಪ್ರವಚನವನ್ನೋ ಹಚ್ಚಿ, ಎರಡು ಸ್ಪೀಕರುಗಳ ನಡುವೆ ಕೂರಿ. ಮಾತು ನಟ್ಟನಡುವಿನಿಂದ, ಯಾರೋ ಎದುರು ಕೂತು ಹೇಳಿದಂತೆ ಬರಬೇಕು. ತಲೆಯ ಸುತ್ತ ಹರಡಿಕೊಂಡು ಎಲ್ಲಿಂದ ಬರುತ್ತಿದೆಯೆಂದು ಹೇಳಲಾಗದಿದ್ದರೆ ತಂತಿ ತಿರುವುಮುರುವಾಗಿದೆ. ಸ್ಪೀಕರಿನ ಹಿಂದೆ ಬಣ್ಣ ಅಳಿಸಿಹೋಗಿದ್ದರೆ ವೈರನ್ನು ಆಂಪ್ಲಿಫೈಯರಿನಿಂದ ಪೂರ್ತಿ ಬಿಚ್ಚಿಕೊಂಡು, ಗಡಿಯಾರದ 1.5 ವೋಲ್ಟಿನ ಸೆಲ್ಲನ್ನು ಅದರ ತುದಿಗಳಿಗೆ ಕ್ಷಣಮಾತ್ರ ತಾಗಿಸಿ. ಕಾಗದ ಹೊರಗೆ ಉಬ್ಬಿದರೆ, ಸೆಲ್ಲಿನ ಪ್ಲಸ್ ತಾಗಿದ್ದ ತುದಿಯೇ ಸ್ಪೀಕರಿನ ಪ್ಲಸ್.

ಬೇಸ್ ಇಷ್ಟು ಮುಖ್ಯವೇ ಎಂದರೆ, ಈ ತಂಡದಲ್ಲಿ ಹೌದು. ಉಳಿದ ನಾಲ್ವರು ಆಕಾಶಕ್ಕೆ ಹಾರುವವರು. ಲೇರ್ಡ್ ಒಬ್ಬರೇ ನೆಲದ ಮೇಲೆ ನಿಂತು ಆವರ್ತ ಕಾಯುವವರು. ಅವರು ಕೇಳಿಸದಿದ್ದರೆ ಸಮ, ಅಂದರೆ ಆವರ್ತದ ಮೊದಲ ಪೆಟ್ಟು, ಎಲ್ಲಿ ಬಿತ್ತೆಂದು ಯಾರಿಗೂ ಸಿಗುವುದಿಲ್ಲ.

ಹೊತ್ತಿನ ಬಗ್ಗೆ ಒಂದೇ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಹಚ್ಚದೆ ಕೂರಲಾಗುವುದಿಲ್ಲ, ಕೂಲರ್ ಹಚ್ಚಿದರೆ 'ಡ್ರೀಮ್'ನ ಆರಂಭ ಸತ್ತುಹೋಗುತ್ತದೆ, ಅಷ್ಟು ಮೆಲ್ಲಗೆ ಶುರುವಾಗುವ ರಚನೆ ಅದು. ಬೇಸಿಗೆಯಲ್ಲಿ ಬೆಳಗಿನ ಐದು ಗಂಟೆ, ಉಳಿದಂತೆ ದೀಪಾವಳಿಯಿಂದ ಶಿವರಾತ್ರಿವರೆಗಿನ ರಾತ್ರಿಗಳು ನನಗೆ ಒಗ್ಗಿದ ಹೊತ್ತು.

ಮೊದಲ ಸಲ: ಎದ್ದೇಳಬೇಡಿ

ಮೊದಲ ಸಲ 42 ನಿಮಿಷವನ್ನೂ ನಿಲ್ಲಿಸದೆ ಕೇಳಿ. ಅರ್ಥಮಾಡಿಕೊಳ್ಳಲು ಹೋಗಬೇಡಿ. ಫೋನು ಬೇರೆ ಕೋಣೆಯಲ್ಲಿರಲಿ. ಜನರ ಸದ್ದು ಕೇಳಿಸುತ್ತದೆ, ಅದೂ ಬೇಕು. ಆ ಜಾಗ ವೋಲ್‌ಮನ್ ರಿಂಕ್, ಚಳಿಗಾಲದಲ್ಲಿ ಹಿಮದ ಮೇಲೆ ಜಾರಾಡುವ ಅಂಗಳ, ಬೇಸಿಗೆಯಲ್ಲಿ ಕಛೇರಿಯ ಬಯಲು. ಬಯಲಿನಲ್ಲಿ ನುಡಿಸಿದ್ದಾದ್ದರಿಂದ ಸ್ಟುಡಿಯೋದ ನುಣುಪು ಇದರಲ್ಲಿಲ್ಲ. ಕೆಲವರು ಈ ಆಲ್ಬಂ ಒರಟು ಎನ್ನುವುದು ಅದಕ್ಕೇ. ನನಗಂತೂ ಆ ಒರಟಿನಲ್ಲೇ ಜೀವ ಕಾಣುತ್ತದೆ. ಬಯಲಾಟದ ಭಾಗವತರ ದನಿಯನ್ನು ಸ್ಟುಡಿಯೋದಲ್ಲಿ ತೊಳೆದು ಕೊಟ್ಟರೆ ನಾವು ಒಪ್ಪುತ್ತೇವೆಯೇ?

'ಟ್ರಿಲಜಿ'ಯಲ್ಲಿ ಮೂರು ಭಾಗಗಳಿವೆ. ಮೆಕ್‌ಲಾಫ್ಲಿನ್‌ರದು ಎರಡು ಕತ್ತಿನ ಗಿಟಾರ್, ಒಂದು ಕತ್ತಿಗೆ 6 ತಂತಿ, ಇನ್ನೊಂದಕ್ಕೆ 12. ತುಂಬಿಕೊಂಡು ಮಿನುಗುವ ಬಿಡಿಸ್ವರಗಳ ಸರ ಕೇಳಿಸಿದಾಗ ಅದು ಹನ್ನೆರಡು ತಂತಿಯದು ಎಂದು ತಿಳಿಯಿರಿ. ಮಧ್ಯದ ಭಾಗ ಶಾಂತ, ಮೂರನೆಯದು ಓಟ. 'ಸಿಸ್ಟರ್ ಆಂಡ್ರಿಯಾ' ಹ್ಯಾಮರ್ ಅವರ ರಚನೆ, ಮೂರರಲ್ಲಿ ಮೈ ತಾನಾಗಿ ತೂಗುವುದು ಇದಕ್ಕೇ. ಮನೆಯವರು ಬಾಗಿಲಲ್ಲಿ ನಿಂತು ಕೇಳುವುದೂ ಇದನ್ನೇ.

ಪಿಟೀಲು ಯಾವುದು?

ಎರಡನೆಯ ಸಲ, ಇನ್ನೊಂದು ದಿನ, ಪಿಟೀಲನ್ನು ಮಾತ್ರ ಹಿಂಬಾಲಿಸಿ. ಹೇಳಲು ಸುಲಭ, ಮಾಡಲು ಕಷ್ಟ. ಏಕೆಂದರೆ ಈ ತಂಡದಲ್ಲಿ ಗಿಟಾರು, ಪಿಟೀಲು, ಹ್ಯಾಮರ್ ಅವರ ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡು) ಮೂರೂ ಒಂದರ ದನಿಯನ್ನು ಇನ್ನೊಂದು ಹೊದ್ದುಕೊಳ್ಳುತ್ತವೆ. ಗಿಟಾರಿಗೆ ಡಿಸ್ಟಾರ್ಶನ್ ಕೊಟ್ಟಾಗ, ಅಂದರೆ ಅದರ ದನಿಯನ್ನು ಬೇಕೆಂದೇ ಒರಟಾಗಿಸಿದಾಗ, ಅದು ಕಮಾನು ಎಳೆದ ಹಾಗೆ ಉದ್ದಕ್ಕೆ ಹಾಡುತ್ತದೆ. ಹ್ಯಾಮರ್ ಸ್ವರವನ್ನು ಬಾಗಿಸುವ ಚಕ್ರ ತಿರುಗಿಸಿ ಕೀಬೋರ್ಡಿನಲ್ಲೇ ಗಿಟಾರಿನ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರಿಕೆ, ತರುತ್ತಾರೆ. ಗುಡ್‌ಮನ್‌ರ ಪಿಟೀಲಿಗೂ ವಿದ್ಯುತ್ತು ಹರಿದಿದೆ. ಮೂವರೂ ಒಂದೇ ಸಾಲನ್ನು ಒಟ್ಟಿಗೆ ನುಡಿಸುವಾಗ ಯಾರು ಯಾರೆಂದು ಬಿಡಿಸುವುದು ನುರಿತವರಿಗೂ ಸವಾಲು.

ನಾನು ಕಂಡುಕೊಂಡ ಗುರುತು ಹೇಳುತ್ತೇನೆ. ಗಿಟಾರಿನ ಸ್ವರ ಹುಟ್ಟುವಾಗಲೇ ಜೋರು, ಮೀಟಿದ ಪೆಟ್ಟು ಮೊದಲು ಕೇಳಿಸಿ ಆಮೇಲೆ ಸ್ವರ ನಿಲ್ಲುತ್ತದೆ ಇಲ್ಲವೇ ಇಳಿಯುತ್ತದೆ. ಪಿಟೀಲಿನ ಸ್ವರ ಹುಟ್ಟಿದ ಮೇಲೂ ಬೆಳೆಯಬಲ್ಲದು. ಒಂದೇ ಸ್ವರ ಸಣ್ಣಗೆ ಶುರುವಾಗಿ ಊದಿಕೊಳ್ಳುತ್ತ ಬಂದರೆ ಅಲ್ಲಿ ಕಮಾನಿದೆ. ಇನ್ನೂ ಖಚಿತವಾದದ್ದು ಕಮಾನು ದಿಕ್ಕು ಬದಲಿಸುವ ಕ್ಷಣ. ಮೇಲಕ್ಕೆ ಹೋದ ಕಮಾನು ಕೆಳಕ್ಕೆ ತಿರುಗುವಾಗ ರೋಸಿನ್ ಹಚ್ಚಿದ ಕುದುರೆಕೂದಲು ತಂತಿಯನ್ನು ಹೊಸದಾಗಿ ಕಚ್ಚುತ್ತದೆ. ಆಗ ಸ್ವರದಲ್ಲಿ ಬಟ್ಟೆ ಹರಿದಂಥ ಒಂದು ಸಣ್ಣ ಸರಸರ ಬರುತ್ತದೆ. ಮೂಗ್‌ನಲ್ಲಿ ಅದು ಎಂದೂ ಇಲ್ಲ. ಕಣ್ಣು ಮುಚ್ಚಿ ಆ ಸರಸರವನ್ನೇ ಕಾಯಿರಿ. ಒಮ್ಮೆ ಸಿಕ್ಕಿತೆಂದರೆ ಗುಡ್‌ಮನ್ ಆಮೇಲೆ ಎಷ್ಟೇ ಗದ್ದಲದಲ್ಲೂ ಕಳೆದುಹೋಗುವುದಿಲ್ಲ.

ಅವರ ಕೈ ಎಲ್ಲಿ ಪಳಗಿದ್ದು ಎಂಬುದೂ ಕೇಳುವುದಕ್ಕೆ ನೆರವಾಗುತ್ತದೆ. ತಂದೆತಾಯಿ ಶಿಕಾಗೋದ ಸಿಂಫನಿ ವಾದ್ಯವೃಂದದಲ್ಲಿ ತಂತಿವಾದ್ಯ ನುಡಿಸುತ್ತಿದ್ದವರು. ಮಗ ಆ ಶಾಸ್ತ್ರೀಯ ಪಾಠ ಕಲಿತು 'ದ ಫ್ಲಾಕ್' ಎಂಬ ರಾಕ್ ತಂಡ ಸೇರಿದರು. ಅದಕ್ಕೇ ಮೆಲ್ಲಗಿನ ಜಾಗಗಳಲ್ಲಿ ಅವರ ಸ್ವರ ತೊಳೆದಿಟ್ಟ ಹಾಗೆ ಶುದ್ಧ, ಓಟದ ಜಾಗಗಳಲ್ಲಿ ಗಿಟಾರಿನವರ ಹಟ. 'ಡ್ರೀಮ್'ನಲ್ಲಿ ಈ ಎರಡೂ ಮುಖಗಳು ಒಂದೇ ರಚನೆಯೊಳಗೆ ಸಿಗುತ್ತವೆ. ಅದರಲ್ಲೇ ಗಿಟಾರು ಮತ್ತು ಡ್ರಮ್ಸ್ ಇಬ್ಬರೇ ಕಾದಾಡುವ ಉದ್ದನೆಯ ಜಾಗವೂ ಇದೆ. ಪಿಟೀಲನ್ನು ಹಿಂಬಾಲಿಸುವವರು ಅಲ್ಲಿ ಸುಮ್ಮನೆ ಕಾಯಬೇಕು. ಆ ಕಾಯುವಿಕೆಯಿಂದ ಪಿಟೀಲು ಮರಳಿ ಬಂದಾಗಿನ ಸುಖ ಇಮ್ಮಡಿ.

ಬಾಯಲ್ಲಿ ಎಣಿಕೆ

ಇಲ್ಲಿ ನಮ್ಮವರಿಗೆ ಅನುಕೂಲ ಹೆಚ್ಚು. ರಾಕ್ ಸಂಗೀತ ಬಹುಪಾಲು ನಾಲ್ಕರ ಎಣಿಕೆಯಲ್ಲಿ ನಡೆಯುತ್ತದೆ. ಈ ತಂಡ ಆ ಕಟ್ಟು ಬಿಟ್ಟು ಹೊರಗೆ ಬಂದದ್ದು. ನಾಲ್ಕರಲ್ಲೇ ಬೆಳೆದ ಕಿವಿಗೆ ಇದು ಎಡವಿದ ಹಾಗೆ ಕೇಳಿಸುತ್ತದೆ. ರೂಪಕ, ಮಿಶ್ರಛಾಪು, ಖಂಡಛಾಪು, ಝಪ್‌ತಾಲ ಎಂದು ಬೇರೆ ಬೇರೆ ಎಣಿಕೆಯ ತಾಳಗಳಿಗೆ ಭಜನೆಯಲ್ಲೇ ಕೈ ತಟ್ಟಿದ ನಮಗೆ ಹಾಗೆ ಕೇಳಿಸಬೇಕಿಲ್ಲ.

ಮರುಬಿಡುಗಡೆಯ ಎರಡನೆಯ ಡಿಸ್ಕ್ ತೆಗೆಯಿರಿ. 'ವೈಟಲ್ ಟ್ರಾನ್ಸ್‌ಫರ್ಮೇಶನ್' ಒಂಬತ್ತರ ಎಣಿಕೆ. ವೇಗ ಬಹಳ, ಬೆರಳು ಮಡಚಿ ಎಣಿಸುತ್ತ ಕೂತರೆ ಹಿಂದುಳಿಯುತ್ತೀರಿ. ಬಾಯಲ್ಲಿ ಹೇಳಿಕೊಳ್ಳಿ. ಮೊದಲು 'ತಕಿಟ ತಕಿಟ ತಕಿಟ' ಎಂದು ಮೂರು ಸಲ ಮೂರು ಹೇಳಿ ನೋಡಿ. ಆಮೇಲೆ 'ತಕದಿಮಿ ತಕತಕಿಟ' ಎಂದು ನಾಲ್ಕು ಮತ್ತು ಐದು. ಎರಡಕ್ಕೂ ಮೊತ್ತ ಒಂಬತ್ತೇ, ಆದರೆ ಒತ್ತು ಬೀಳುವ ಜಾಗ ಬೇರೆ. ಯಾವುದು ಡ್ರಮ್ಮಿನ ಪೆಟ್ಟಿನ ಮೇಲೆ ಕೂತುಕೊಳ್ಳುತ್ತದೆ ಎಂದು ನಿಮ್ಮ ನಾಲಿಗೆಯೇ ಹೇಳುತ್ತದೆ. ಕಳೆದುಕೊಂಡರೆ ಹೆದರಬೇಡಿ, ಬೇಸಿನ ಸಾಲು ಮತ್ತೆ ಮೊದಲಿಗೆ ಬರುವುದನ್ನು ಕಾದು ಹಿಡಿಯಿರಿ. ವೈರು ಸರಿಮಾಡಿಕೊಳ್ಳಿ ಎಂದು ಅಷ್ಟು ಹೇಳಿದ್ದು ಈ ಗಳಿಗೆಗಾಗಿ.

'ದ ಡ್ಯಾನ್ಸ್ ಆಫ್ ಮಾಯಾ' ಗಿಟಾರಿನ ಹತ್ತರ ಸುತ್ತಿನಿಂದ ಶುರು. ಹತ್ತು ಎಂದ ಕೂಡಲೇ ಝಪ್‌ತಾಲದ 'ಧೀ ನಾ ಧೀ ಧೀ ನಾ' ನೆನಪಾಗುವುದು ಸಹಜ. ಅದನ್ನು ಇದರ ಮೇಲೆ ಹೇರಬೇಡಿ, ಎರಡು-ಮೂರು-ಎರಡು-ಮೂರು ಎಂಬ ಆ ವಿಭಾಗವನ್ನು ಇಲ್ಲಿ ಹುಡುಕಲೂ ಬೇಡಿ. ಬರೀ ಹತ್ತು ಎಣಿಸಿ. ಸುತ್ತು ಮೈಗೆ ಹತ್ತಿದ ಮೇಲೆ ಮುಂದೆ ಬ್ಲೂಸಿನ (ಅಮೆರಿಕದ ಕಪ್ಪು ಜನರ ಹಾಡುಗಾರಿಕೆ) ನಡೆ ಬಂದಾಗಲೂ ಎಣಿಕೆ ಬಿಡದೆ ಹಿಡಿದುಕೊಂಡೇ ಇರಿ. ಹತ್ತರ ಸುತ್ತು ಆ ಕುಣಿತದ ಕೆಳಗೆ ಹೇಗೆ ಅಡಗಿ ಕೂತಿದೆ ಎಂದು ಕಂಡ ದಿನ ನಾನು ಒಬ್ಬನೇ ಇದ್ದೆ. ಯಾರಿಗಾದರೂ ಹೇಳಲೇಬೇಕೆಂದು ಅಂಗಿ ಹಾಕಿಕೊಂಡು ನಮ್ಮೂರಿನ ತೀನ್ ಕಂದೀಲ್ ಚೌಕದವರೆಗೆ ನಡೆದುಬಂದೆ.

'ಒನ್ ವರ್ಡ್' ಕೇಳುವುದು ಬೇರೆ ಕಾರಣಕ್ಕೆ. ಅದರಲ್ಲಿ ಗಿಟಾರು, ಪಿಟೀಲು, ಕೀಬೋರ್ಡು ಸರದಿಯ ಮೇಲೆ ಮಾತಾಡುತ್ತವೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಿಡಿದು ತಿರುಗಿಸಿ ಕೊಡುತ್ತಾರೆ. ಸರದಿ ಬರಬರುತ್ತ ಗಿಡ್ಡಗಾಗುತ್ತದೆ, ಕೊನೆಗೆ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಾರೆ. ಹಾಡಿನಲ್ಲೇ ವಾದ ಹೂಡುವ ಹರದೇಸಿ-ನಾಗೇಸಿ ಮೇಳ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗಿನ ಜಾವದ ಸವಾಲ್-ಜವಾಬಿನ ಅದೇ ಬಿಸಿ ಇಲ್ಲಿಯೂ ಇದೆ. ಒಂದು ಕಾಗದದ ಮೇಲೆ ಗಿ, ಪಿ, ಕೀ ಎಂದು ಸರದಿ ಬರೆದುಕೊಳ್ಳುತ್ತ ಕೇಳಿ. ಮೊದಲ ಸಲ ತಪ್ಪುತ್ತೀರಿ, ಮೂರನೆಯ ಸಲಕ್ಕೆ ಕಿವಿ ಕೈಗಿಂತ ಮುಂದಿರುತ್ತದೆ.

ಸ್ಟುಡಿಯೋ ಪ್ರತಿಯ ಪಕ್ಕದಲ್ಲಿಟ್ಟು

ಈ ಲೈವ್ ಆಲ್ಬಂ ಹೊರಬಂದದ್ದರ ಹಿಂದೆ ಒಂದು ಮುರಿದ ಕೆಲಸವಿದೆ. 1973ರ ಜೂನ್‌ನಲ್ಲಿ ತಂಡ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಮೂರನೆಯ ಸ್ಟುಡಿಯೋ ಆಲ್ಬಂ ಮುದ್ರಿಸಿತ್ತು. ಒಳಗೆ ಮನಸ್ತಾಪ ಬೆಳೆದಿತ್ತು, ಉಳಿದವರಿಗೂ ತಮ್ಮ ರಚನೆಗಳು ಬರಬೇಕೆಂಬ ಆಸೆಯಿತ್ತು. ಆ ಆಲ್ಬಂ ಅಲ್ಲಿಗೇ ನಿಂತಿತು. ಅದರಲ್ಲಿದ್ದ ಮೂರು ರಚನೆಗಳನ್ನೇ ಸೆಂಟ್ರಲ್ ಪಾರ್ಕಿನಲ್ಲಿ ನುಡಿಸಿ, ಲೈವ್ ಆಲ್ಬಂ ಎಂದು ತಂದರು. ವರ್ಷ ಮುಗಿಯುವ ಹೊತ್ತಿಗೆ ತಂಡವೇ ಒಡೆಯಿತು. ನಿಂತುಹೋದ ಆ ಸ್ಟುಡಿಯೋ ಮುದ್ರಣ 1999ರಲ್ಲಿ 'ದ ಲಾಸ್ಟ್ ಟ್ರೈಡೆಂಟ್ ಸೆಷನ್ಸ್' ಎಂದು ಹೊರಬಂತು. 2011ರ ಪೆಟ್ಟಿಗೆಯಲ್ಲಿ ಅದೂ ಸೇರಿದೆ.

ಹಾಗಾಗಿ ಕೇಳುಗನಿಗೆ ಅಪರೂಪದ ಅವಕಾಶ: ಅವೇ ಐವರು, ಅವೇ ಮೂರು ರಚನೆ, ನಡುವೆ ಎರಡೇ ತಿಂಗಳು. 'ಡ್ರೀಮ್' ಲೈವಿನಲ್ಲಿ 21 ನಿಮಿಷ, ಸ್ಟುಡಿಯೋದಲ್ಲಿ ಅದರ ಅರ್ಧದಷ್ಟು. ಮೊದಲು ಸ್ಟುಡಿಯೋದ್ದನ್ನು ಕೇಳಿ ರಚನೆಯ ಎಲುಬು ತಿಳಿದುಕೊಳ್ಳಿ, ಆಮೇಲೆ ಲೈವ್. ಎಲ್ಲಿ ಬರೆದಿಟ್ಟದ್ದು ಮುಗಿದು ಎಲ್ಲಿ ಆ ಹೊತ್ತಿಗೆ ಹುಟ್ಟಿದ್ದು ಶುರುವಾಗುತ್ತದೆ ಎಂದು ಆಗ ಕಾಣುತ್ತದೆ. ನನ್ನ ಮಟ್ಟಿಗೆ 'ಸಿಸ್ಟರ್ ಆಂಡ್ರಿಯಾ' ಸ್ಟುಡಿಯೋದಲ್ಲೇ ಚೆಂದ, 'ಡ್ರೀಮ್' ಬಯಲಿನಲ್ಲೇ ಸರಿ. ಮಾತಾಡದೆ ಮುನಿಸಿಕೊಂಡಿದ್ದ ಐವರು ವೇದಿಕೆ ಹತ್ತಿದಾಗ ಒಬ್ಬರಿಗೊಬ್ಬರು ಇಷ್ಟು ಕಿವಿಗೊಟ್ಟದ್ದನ್ನು ಕೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಹಿರಿಯರೊಬ್ಬರನ್ನು ಕರೆಯಿರಿ

ಒಂದು ಸಂಜೆಯಾದರೂ ತಾಳ ಬಲ್ಲವರ ಜೊತೆ ಕೂತು ಕೇಳಬೇಕು. ನಮ್ಮ ಓಣಿಯಲ್ಲಿ ನಾವೆಲ್ಲ ಕಾಕಾ ಎನ್ನುವ ಹಿರಿಯರಿದ್ದಾರೆ, ಭಜನಾ ಮಂಡಳಿಯಲ್ಲಿ ನಲವತ್ತು ವರ್ಷ ತಬಲಾ ಬಾರಿಸಿದವರು. ಒಗ್ಗಾಣಿ-ಮಿರ್ಚಿ ತರಿಸಿ ಅವರನ್ನು ಗಾದಿಯ ಮೇಲೆ ಕೂರಿಸಿದೆ. ಏನೂ ಹೇಳದೆ 'ಟ್ರಿಲಜಿ' ಹಚ್ಚಿದೆ. ಐದು ನಿಮಿಷ ಮಿರ್ಚಿ ಕೈಯಲ್ಲೇ ಇತ್ತು.

"ತಮ್ಮಾ, ಈ ಪಿಟೀಲಿನವ ನಿಂತು ಬಾರಿಸ್ತಾನೇನು?"

"ಹೌದು ಕಾಕಾ. ಹ್ಯಾಂಗ ಗೊತ್ತಾತು?"

"ಜಾರೋ ನಮೂನಿನೇ ಬ್ಯಾರೆ ಐತಿ. ನಮ್ಮವ್ರು ಕುಂತು, ಪಿಟೀಲಿನ ತಲಿ ಕಾಲಿಗೆ ಊರಿ ಹಿಡೀತಾರ. ಕೈಗೆ ಭಾರ ಇರೂದಿಲ್ಲ, ಎಲ್ಲಿಂದ ಎಲ್ಲಿಗೆ ಬೇಕಾದ್ರೂ ಜಾರ್ತೈತಿ. ಇವ ಗಲ್ಲದ ಕೆಳಗ ಹಿಡದಾನ."

ನಾನು ವರ್ಷಗಟ್ಟಲೆ ಕೇಳಿಯೂ ಈ ಮಾತು ನನಗೆ ಹೊಳೆದಿರಲಿಲ್ಲ. ಪಾಶ್ಚಾತ್ಯ ಕ್ರಮದಲ್ಲಿ ಪಿಟೀಲಿನ ಭಾರ ಭುಜ, ಗಲ್ಲ ಮತ್ತು ಎಡಗೈ ಮೇಲೆ ಹಂಚಿಕೊಳ್ಳುತ್ತದೆ. ನಮ್ಮ ಕರ್ನಾಟಕ ಸಂಗೀತದ ಕ್ರಮದಲ್ಲಿ ವಾದ್ಯದ ತುದಿ ಬಲಗಾಲಿನ ಮೇಲೆ ಊರಿರುವುದರಿಂದ ಎಡಗೈ ತಂತಿಯುದ್ದಕ್ಕೂ ಬಿಡುಬೀಸಾಗಿ ಓಡಾಡುತ್ತದೆ, ಸ್ವರವನ್ನು ತೂಗಿ ಜಾರಿಸುವ ಗಮಕ ಹುಟ್ಟುವುದೇ ಆ ಬಿಡುವಿನಿಂದ. ಶ್ರುತಿಯೂ ಬೇರೆ: ಅವರಲ್ಲಿ ನಾಲ್ಕು ತಂತಿ ಒಂದರಿಂದ ಒಂದಕ್ಕೆ ಪಂಚಮದಂತೆ ಏರುತ್ತವೆ, ನಮ್ಮಲ್ಲಿ ಸ-ಪ-ಸ-ಪ. ಕಾಕಾ ಹೇಳಿದ ಮೇಲೆ ಗುಡ್‌ಮನ್‌ರ ಜಾರಿಕೆಗಳನ್ನೇ ಆರಿಸಿ ಕೇಳಿದೆ. ಅವು ಗಮಕವಲ್ಲ, ಬ್ಲೂಸಿನ ಹಾಡುಗಾರ ಸ್ವರಕ್ಕೆ ಕೆಳಗಿನಿಂದ ಏರಿ ಬರುವ ರೀತಿ. ಕೈ ಜಾರುವುದು ಕಡಿಮೆ, ಕಮಾನಿನ ಒತ್ತಿನಲ್ಲೇ ಮಾತು ಹೆಚ್ಚು.

ಆ ಮೇಲೆ

ಇಷ್ಟಾದ ಮೇಲೆ ಎರಡು ದಾರಿಗಳಿವೆ. ಒಂದು, 1974ರಲ್ಲಿ ಮೆಕ್‌ಲಾಫ್ಲಿನ್ ಹೊಸದಾಗಿ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾ. ಅದರಲ್ಲಿ ಪಿಟೀಲು ಫ್ರಾನ್ಸಿನ ಜಾನ್-ಲುಕ್ ಪೋಂಟಿ ಅವರದು. 'ಅಪೊಕ್ಯಾಲಿಪ್ಸ್' ಕೇಳಿದರೆ ಗುಡ್‌ಮನ್ ಎಲ್ಲಿ ಬೇರೆ ಎಂದು ತಿಳಿಯುತ್ತದೆ. ಪೋಂಟಿ ನಯ, ಗುಡ್‌ಮನ್ ಕಾವು.

ಇನ್ನೊಂದು ದಾರಿ ಮನೆಯ ಕಡೆಯದು, ನಾನು ಹೋಗಿ ಎನ್ನುವುದು ಅದಕ್ಕೆ. ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವೀಣೆ ಕಲಿತರು, ಆಮೇಲೆ ಎಲ್. ಶಂಕರ್ ಅವರ ಪಿಟೀಲು, ಝಾಕಿರ್ ಹುಸೇನರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟಗಳ ಜೊತೆ 'ಶಕ್ತಿ' ತಂಡ ಕಟ್ಟಿದರು. ಆ ತಂಡದ ಮೊದಲ ಆಲ್ಬಂ ಕೂಡ ಲೈವ್, 1975ರ ಜುಲೈನಲ್ಲಿ ಮುದ್ರಿಸಿದ್ದು. ಸೆಂಟ್ರಲ್ ಪಾರ್ಕಿನ ಕಛೇರಿ ನಡೆದು ಎರಡು ವರ್ಷವೂ ತುಂಬಿರಲಿಲ್ಲ. ಈಗ ಪಿಟೀಲಿನ ತಲೆ ಕಾಲಿನ ಮೇಲಿದೆ, ಕೈ ಬಿಡುವಾಗಿದೆ. ಗುಡ್‌ಮನ್‌ರ ಜಾರಿಕೆ ಕಿವಿಯಲ್ಲಿ ಇರುವಾಗಲೇ ಶಂಕರ್ ಅವರದನ್ನು ಕೇಳಿ. ಡ್ರಮ್ಸಿಲ್ಲ, ಬೇಸ್ ಗಿಟಾರಿಲ್ಲ, ಪೆಟ್ಟಿನ ಮೇಲೆ ಪೆಟ್ಟು ಕೂರುವ ಭಯವಿಲ್ಲ. ಆ ದಿನ ಗೋಡೆಯ ಒಂದು ಕೌದಿಯನ್ನು ಇಳಿಸಿಬಿಡಿ, ಘಟದ ನಾದಕ್ಕೆ ನಮ್ಮ ಫರಸಿಯ ಕೋಣೆಯ ಮೊಳಗು ಸ್ವಲ್ಪ ಬೇಕು.